ಏಳು ತಿಂಗಳ ಕೂಸಿಗೆ ದೊಡ್ಡವರ ಎಇಡಿ ಪ್ಯಾಡ್ ಹಚ್ಚಬಹುದಾ?

ಹಚ್ಚಬಹುದು. ತೀರ್ಥಹಳ್ಳಿ ಹತ್ತಿರದ ನಿಮ್ಮ ಹೋಂಸ್ಟೇ ಎಇಡಿಯಲ್ಲಿ (ಹೃದಯ ನಿಂತವರಿಗೆ ಎದೆಗೆ ಅಂಟಿಸುವ ಪ್ಯಾಡ್ ಮೂಲಕ ವಿದ್ಯುತ್ ಶಾಕ್ ಕೊಡುವ ಯಂತ್ರ) ದೊಡ್ಡವರ ಪ್ಯಾಡ್ ಮಾತ್ರ ಇದೆ, ಕೂಸಿನ ಹೃದಯ ನಿಂತರೆ ಅದನ್ನೇ ಬಳಸಬಹುದಾ ಅಂತ ಕೇಳಿದ್ದೀರಿ. ಮಕ್ಕಳ ಪ್ಯಾಡ್ ಅಥವಾ ಮಕ್ಕಳ ಬಟನ್ ಇದ್ದರೆ ಅದೇ ಒಳ್ಳೆಯದು, ಶಾಕ್ ಕಡಿಮೆ ಇರುತ್ತದೆ. ಇಲ್ಲ ಅಂತ ಸುಮ್ನೆ ಕಾಯುವುದೇ ಜಾಸ್ತಿ ಅಪಾಯ. ಶಾಕ್ ಬೇಕೋ ಬೇಡವೋ ಅಂತ ಯಂತ್ರವೇ ನೋಡಿ ಹೇಳುತ್ತದೆ.

ಪುಟ್ಟ ಎದೆ ಅಲ್ವಾ, ಪ್ಯಾಡ್‌ಗಳು ಒಂದಕ್ಕೊಂದು ತಾಗಬಾರದು. ಒಂದನ್ನು ಎದೆಯ ನಡುವೆ, ಇನ್ನೊಂದನ್ನು ಬೆನ್ನಿಗೆ, ಹೆಗಲ ಮೂಳೆಗಳ ಮಧ್ಯೆ ಅಂಟಿಸಿ. ಮೈ ಒದ್ದೆಯಿದ್ದರೆ ಮೊದಲು ಒರೆಸಿ. ಎಣ್ಣೆ ತಿಕ್ಕಿದ ಮೈಯಾದರಂತೂ ಪ್ಯಾಡ್ ಅಂಟುವುದೇ ಇಲ್ಲ, ಚೆನ್ನಾಗಿ ಒರೆಸಿ.

ಯಂತ್ರ ಬರುವ ತನಕ ಕೈಕಟ್ಟಿ ನಿಲ್ಲಬೇಡಿ. ಕೂಸುಗಳಲ್ಲಿ ಹೃದಯ ನಿಲ್ಲುವುದು ಹೆಚ್ಚಾಗಿ ಉಸಿರಿನ ತೊಂದರೆಯಿಂದ. ಒಬ್ಬರೇ ಇದ್ದರೆ 30 ಸಲ ಎದೆ ಒತ್ತಿ, ಮಗುವಿನ ಬಾಯಿ-ಮೂಗು ಎರಡನ್ನೂ ನಿಮ್ಮ ಬಾಯಿಂದ ಮುಚ್ಚಿ 2 ಸಲ ಮೆಲ್ಲಗೆ ಊದಿ. ಎದೆ ಒತ್ತುವುದು ಸುಮಾರು 4 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120ರ ವೇಗ. ಶಾಕ್ ಹೊತ್ತಲ್ಲಿ ಯಾರೂ ಮುಟ್ಟಬಾರದು, ಆದ ಕೂಡಲೇ ಮತ್ತೆ ಒತ್ತಿ.

108ಕ್ಕೆ ಫೋನ್ ಮಾಡಲು ಇನ್ನೊಬ್ಬರನ್ನು ಸಿಗ್ನಲ್ ಸಿಗುವ ದಿಬ್ಬಕ್ಕೆ ಓಡಿಸಿ. ನಮ್ಮ ಕಡೆ ನೆಟ್‌ವರ್ಕ್ ಕಥೆ ಗೊತ್ತಲ್ಲ.