ರೇಡಿಯೋದಲ್ಲಿ ಇಷ್ಟು ಪಾಲು ನಮ್ಮ ಹಾಡೇ ಇರಬೇಕು ಅಂತ ನಿಯಮ ಬಂದರೆ ಸ್ಟೇಷನ್‌ನವರು ಅದನ್ನು ಹೇಗೆ ನಿಭಾಯಿಸುತ್ತಾರೆ?

ನಿಮ್ಮ ಪ್ರಶ್ನೆಯಲ್ಲಿ ಎರಡು ಮಾತಿವೆ. ಕೆನಡಾ, ಫ್ರಾನ್ಸ್ ಕಡೆ ರೇಡಿಯೋದಲ್ಲಿ ಇಷ್ಟು ಪಾಲು ಸ್ವಂತ ಹಾಡೇ ಇರಬೇಕು ಅಂತ ನಿಯಮ ಇದೆಯಲ್ಲ, ಸ್ಟೇಷನ್‌ಗಳು ಅದನ್ನು ನಿಜವಾಗಿ ಪಾಲಿಸುತ್ತವಾ ಅನ್ನುವುದು ಒಂದು. ಮುಂಬಯಿ ಎಫ್‌ಎಂಗಳಲ್ಲೂ ಮರಾಠಿಗೆ ಹಾಗೆ ಪಾಲು ಇಟ್ಟರೆ ಏನಾದರೂ ಉಪಯೋಗ ಆಗುತ್ತಾ ಅನ್ನುವುದು ಇನ್ನೊಂದು.

ನಾನು ಮಾಟುಂಗಾದವಳು. ಮುಂಬಯಿಯ ಒಂದು ಖಾಸಗಿ ಎಫ್‌ಎಂ ಸ್ಟೇಷನ್‌ನಲ್ಲಿ ಎಂಟು ವರ್ಷ ಮ್ಯೂಸಿಕ್ ಶೆಡ್ಯೂಲಿಂಗ್ ಮಾಡಿದ್ದೇನೆ. ಯಾವ ಹಾಡು ಎಷ್ಟು ಹೊತ್ತಿಗೆ ಬರಬೇಕು ಅಂತ ಹಿಂದಿನ ದಿನವೇ ಜೋಡಿಸಿಡುವ ಕೆಲಸ ಅದು. ಪಾಲು ಎಷ್ಟು ಅಂತ ಎಲ್ಲರೂ ಕೇಳ್ತಾರೆ. ಎಷ್ಟು ಗಂಟೆಗೆ ಅಂತ ಯಾರೂ ಕೇಳಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳಬೇಕು. ಪ್ರತಿ ಗಂಟೆಗೂ ಒಂದು 'ಕ್ಲಾಕ್' ಇರುತ್ತದೆ. ಗಡಿಯಾರದ ಮುಖದ ಹಾಗೆ ಒಂದು ವೃತ್ತ, ಅದರಲ್ಲಿ ಮನೆಗಳು. ಈ ಮನೆಯಲ್ಲಿ ಹೊಸ ಹಿಟ್, ಈ ಮನೆಯಲ್ಲಿ ಆರ್‌ಜೆ ಮಾತು, ಇಲ್ಲಿ ಜಾಹೀರಾತು, ಇಲ್ಲಿ ಹಳೇ ಹಾಡು. ಹಾಡುಗಳನ್ನೂ ಕ್ಯಾಟಗರಿ ಮಾಡಿಟ್ಟಿರುತ್ತೇವೆ. ಮೇಲಿನ ಕ್ಯಾಟಗರಿಯಲ್ಲಿ ಬೆರಳೆಣಿಕೆಯಷ್ಟು ಹಾಡು, ಮೂರು ನಾಲ್ಕು ಗಂಟೆಗೊಮ್ಮೆ ಮತ್ತೆ ಮತ್ತೆ ಅವೇ. ಕೆಳಗಿನದರಲ್ಲಿ ನೂರಾರು. ಸಾಫ್ಟ್‌ವೇರ್ ಮನೆಗಳನ್ನು ತುಂಬುತ್ತದೆ. ಆಮೇಲೆ ನಾವು ಆ ಪಟ್ಟಿಯನ್ನು, ಅಂದರೆ ಲಾಗ್ ಅನ್ನು, ಸಾಲುಸಾಲಾಗಿ ಓದಿ ತಿದ್ದುತ್ತೇವೆ. ಒಬ್ಬನೇ ಗಾಯಕನ ಎರಡು ಹಾಡು ಪಕ್ಕಪಕ್ಕ ಬರಬಾರದು, ಮೂರು ಮಂದ ಹಾಡು ಒಟ್ಟಿಗೆ ಬರಬಾರದು, ಹೀಗೆ.

ಪಾಲು ಅಂತ ಬಂದರೆ ನಮಗೆ ಅದು ಇನ್ನೊಂದು ಕ್ಯಾಟಗರಿ, ಅಷ್ಟೇ. ಅದಕ್ಕೆ ಯಾವ ಮನೆ ಕೊಡುತ್ತೀರಿ ಅನ್ನುವುದರಲ್ಲಿ ಎಲ್ಲ ಇದೆ.

ನಮ್ಮ ಸ್ಟೇಷನ್‌ಗೆ ಕಾನೂನಿನ ಒತ್ತಡ ಇರಲಿಲ್ಲ. ಆದರೆ ಊರಿನಲ್ಲಿ ಮರಾಠಿ ಹಾಡು ಹಾಕಿ ಅನ್ನುವ ಕೂಗು ಎದ್ದಾಗ ಮೇಲಿನವರೇ ಒಂದು ಲೆಕ್ಕ ಹಾಕಿದರು. ದಿನಕ್ಕೆ ಇಷ್ಟು ಮರಾಠಿ ಹಾಡು ಇರಲಿ, ಯಾರಾದರೂ ಕೇಳಿದರೆ ತೋರಿಸೋಕೆ ಲಾಗ್ ಇರಲಿ ಅಂತ. ಹಗಲಿನಲ್ಲಿ ಗಂಟೆಗೆ ಒಂದು, 58ನೇ ನಿಮಿಷದ ಮನೆಯಲ್ಲಿ. ರಾತ್ರಿ 11ರಿಂದ ಬೆಳಗಿನ 5ರವರೆಗೆ ಗಂಟೆಗೆ ನಾಲ್ಕು. ಆ ಕ್ಲಾಕ್ ಮಾಡಿದವಳು ನಾನೇ.

58ನೇ ನಿಮಿಷ ಅಂದರೆ ಏನು ಅಂತ ಹೊರಗಿನವರಿಗೆ ಗೊತ್ತಾಗಲ್ಲ. ಜಾಹೀರಾತು ಜಾಸ್ತಿ ಇದ್ದರೆ, ಆರ್‌ಜೆ ಎರಡು ಮಾತು ಹೆಚ್ಚಿಗೆ ಆಡಿದರೆ, ಗಂಟೆ ತುಂಬಿ ಹೋಗುತ್ತದೆ. ಆಗ ಮೊದಲು ಬಿದ್ದುಹೋಗುವುದು ಕೊನೆಯ ಹಾಡು. ಬೆಳಿಗ್ಗೆ 8ರಿಂದ 11ರವರೆಗೆ ಜಾಹೀರಾತು ತುಂಬಿ ತುಳುಕುತ್ತಿರುತ್ತದೆ. ಅಂದರೆ ಹಾಕಬೇಕು ಅಂತ ಬರೆದ ಲಾಗ್‌ನಲ್ಲಿ ಮರಾಠಿ ಹಾಡು ಇರುತ್ತದೆ, ನಿಜವಾಗಿ ಹೋದದ್ದರ ಲಾಗ್‌ನಲ್ಲಿ ಇರಲ್ಲ. ತಿಂಗಳ ಕೊನೆಗೆ ಕೂಡಿಸಿ ನೋಡಿದರೆ ಶೇಕಡಾವಾರು ಸರಿಯಾಗೇ ಇರುತ್ತಿತ್ತು. ರಾತ್ರಿಯ ಹಾಡುಗಳು ಹಗಲಿನ ಕೊರತೆಯನ್ನು ತುಂಬಿಬಿಡುತ್ತಿದ್ದವು.

ಇದು ನಮ್ಮೊಬ್ಬರದೇ ಬುದ್ಧಿ ಅಲ್ಲ. ಕೆನಡಾದಲ್ಲಿ 1971ರಲ್ಲಿ ಅಲ್ಲಿಯ ಪ್ರಸಾರ ನಿಯಂತ್ರಕ ಸಂಸ್ಥೆ ಸಿಆರ್‌ಟಿಸಿ ಎಎಂ ಸ್ಟೇಷನ್‌ಗಳಿಗೆ ಶೇಕಡಾ 30 ಸ್ವದೇಶಿ ಹಾಡು ಅಂತ ನಿಯಮ ತಂದಿತು. 1999ರಲ್ಲಿ ಜನಪ್ರಿಯ ಹಾಡುಗಳಿಗೆ ಅದು ಶೇಕಡಾ 35 ಆಯಿತು. ಪಕ್ಕದಲ್ಲೇ ಅಮೆರಿಕ, ಅದೇ ಭಾಷೆ. ಕಟ್ಟು ಹಾಕದಿದ್ದರೆ ಕೆನಡಾದ ಗಾಯಕರ ಹಾಡು ಕೆನಡಾದಲ್ಲೇ ಕೇಳುತ್ತಿರಲಿಲ್ಲ. ಆದರೆ ಸ್ಟೇಷನ್‌ಗಳು ಆ ಹಾಡುಗಳನ್ನು ಯಾರೂ ಕೇಳದ ಹೊತ್ತಿಗೆ ತಳ್ಳಿದವು. ಅದಕ್ಕೆ ಅಲ್ಲಿ 'ಬೀವರ್ ಅವರ್', ಅಂದರೆ ಬೀವರ್ ಗಂಟೆ, ಅಂತ ಹೆಸರೇ ಬಿತ್ತು. ಬೀವರ್ ಅನ್ನುವುದು ಕೆನಡಾದ ರಾಷ್ಟ್ರೀಯ ಪ್ರಾಣಿ. ಅದಕ್ಕೇ ವಾರದ ಲೆಕ್ಕದ ಜೊತೆಗೆ ಇನ್ನೊಂದು ನಿಯಮವೂ ಇದೆ: ಸೋಮವಾರದಿಂದ ಶುಕ್ರವಾರದವರೆಗೆ, ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ, ಆ ಹೊತ್ತಿನ ಒಳಗೇ ಶೇಕಡಾ 35 ಬರಬೇಕು. ನನ್ನ ಪ್ರಕಾರ ಆ ನಿಯಮದಲ್ಲಿ ಜೀವ ಇರುವುದು ಈ ಸಾಲಿನಲ್ಲೇ.

ಕೆನಡಾದಲ್ಲೇ ಫ್ರೆಂಚ್ ಮಾತಾಡುವ ಪ್ರಾಂತ್ಯ ಕ್ವಿಬೆಕ್. ಅಲ್ಲಿಯ ಫ್ರೆಂಚ್ ಸ್ಟೇಷನ್‌ಗಳಿಗೆ ಇನ್ನೂ ಗಟ್ಟಿ ನಿಯಮ. ಜನಪ್ರಿಯ ಹಾಡುಗಳಲ್ಲಿ ಶೇಕಡಾ 65 ಫ್ರೆಂಚ್ ಇರಬೇಕು. ಲೆಕ್ಕ ನಿಮಿಷದ್ದಲ್ಲ, ಹಾಡಿನ ಎಣಿಕೆಯದ್ದು. ಹಾಗಾಗಿ ಕೆಲವರು ಹಲವು ಇಂಗ್ಲಿಷ್ ಹಾಡುಗಳ ತುಣುಕುಗಳನ್ನು ಹೊಲಿದು ಒಂದೇ ಉದ್ದ ಮಾಲೆ ಮಾಡಿ ಹಾಕುತ್ತಿದ್ದರು. ಎಣಿಕೆಯಲ್ಲಿ ಅದು ಒಂದೇ ಹಾಡು! ಆಮೇಲೆ ಅದಕ್ಕೂ ಮಿತಿ ಬಂತು.

ಯಾವುದು ಸ್ವದೇಶಿ ಅನ್ನುವುದೂ ದೊಡ್ಡ ಜಗಳ. ಕೆನಡಾದಲ್ಲಿ ನಾಲ್ಕು ಅಂಶ ನೋಡುತ್ತಿದ್ದರು: ರಾಗ ಹಾಕಿದವರು, ಹಾಡಿದವರು, ರೆಕಾರ್ಡ್ ಆದ ಜಾಗ, ಸಾಹಿತ್ಯ. ಎರಡಾದರೂ ಕೆನಡಾದ್ದಾಗಿರಬೇಕು. 1991ರಲ್ಲಿ ಬ್ರಯಾನ್ ಆಡಮ್ಸ್ ಹಾಡುಗಳು ಈ ಪರೀಕ್ಷೆಯಲ್ಲಿ ಬಿದ್ದುಹೋದವು. ಆತ ಕೆನಡಾದವನೇ. ಆದರೆ ಹೊರದೇಶದವನೊಬ್ಬನ ಜೊತೆ ಕೂತು ಹಾಡು ಬರೆದಿದ್ದ, ರೆಕಾರ್ಡಿಂಗ್ ಆದದ್ದು ಹೊರಗೆ. ಗಲಾಟೆ ಆಗಿ, ಆಮೇಲೆ ನಿಯಮ ಸ್ವಲ್ಪ ಸಡಿಲವಾಯಿತು. ಮುಂಬಯಿಯಲ್ಲಿ ಇಂಥ ಲೆಕ್ಕ ಹಾಕಲು ಕೂತರೆ ತಲೆ ಕೆಡುತ್ತದೆ. ಸಂಗೀತ ಒಬ್ಬರದು, ಗಾಯಕಿ ಇನ್ನೊಂದು ರಾಜ್ಯದವರು, ಸ್ಟುಡಿಯೋ ಅಂಧೇರಿಯದು. ಇಲ್ಲಿ ಭಾಷೆಯೊಂದನ್ನೇ ಹಿಡಿಯುವುದು ಒಳ್ಳೆಯದು.

ಭಾಷೆ ಹಿಡಿದದ್ದು ಫ್ರಾನ್ಸ್. 1994ರ ಕಾನೂನು, 1996ರಿಂದ ಜಾರಿ. ಶೇಕಡಾ 40 ಫ್ರೆಂಚ್ ಹಾಡು, ಅದರಲ್ಲಿ ಅರ್ಧ ಹೊಸ ಗಾಯಕರದ್ದು ಅಥವಾ ಹೊಸದಾಗಿ ಬಂದದ್ದು. ಜನ ನಿಜವಾಗಿ ಕೇಳುವ ಹೊತ್ತಿನಲ್ಲೇ ಈ ಲೆಕ್ಕ. ಅಲ್ಲಿಯ ಸ್ಟೇಷನ್‌ಗಳು ಇನ್ನೊಂದು ದಾರಿ ಹುಡುಕಿದವು. ಗೆದ್ದ ಹತ್ತು ಹಾಡುಗಳನ್ನೇ ತಿರುಗಿಸಿ ತಿರುಗಿಸಿ ಹಾಕಿ ಪಾಲು ತುಂಬಿಸಿದವು. ಹೊಸಬರಿಗೆ ಮತ್ತೆ ಬಾಗಿಲು ಮುಚ್ಚಿತು. 2016ರಲ್ಲಿ ಕಾನೂನು ತಿದ್ದಿದರು: ಹೆಚ್ಚು ಸಲ ಹಾಕಿದ ಹತ್ತು ಫ್ರೆಂಚ್ ಹಾಡುಗಳೇ ಫ್ರೆಂಚ್ ಪಾಲಿನ ಅರ್ಧಕ್ಕಿಂತ ಜಾಸ್ತಿ ಆದರೆ, ಆ ಜಾಸ್ತಿ ಆದದ್ದು ಲೆಕ್ಕಕ್ಕೆ ಬರಲ್ಲ. ಸ್ಟೇಷನ್‌ನವರು ಸಿಟ್ಟಾದರು. ಈ ನಿಯಮ ಬರೆದವರು ಯಾರೋ ನನ್ನ ಥರದ ಕುರ್ಚಿಯಲ್ಲಿ ಕೂತು ಕೆಲಸ ಮಾಡಿದವರೇ ಇರಬೇಕು ಅಂತ ನನಗೆ ಅನ್ನಿಸಿತು.

ನಮ್ಮ ದೇಶದಲ್ಲೂ ಸರ್ಕಾರ ಹಾಡಿಗೆ ಕೈ ಹಾಕಿದ್ದುಂಟು, ಆದರೆ ಉಲ್ಟಾ. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಬಿ.ವಿ. ಕೇಸ್ಕರ್ ಆಕಾಶವಾಣಿಯಲ್ಲಿ ಸಿನಿಮಾ ಹಾಡನ್ನು ಒತ್ತಿ ಹಿಡಿದರು. ಶಾಸ್ತ್ರೀಯ ಸಂಗೀತ ಬೆಳೆಯಲಿ ಅಂತ ಅವರ ಆಸೆ. ಜನ ಏನು ಮಾಡಿದರು? ರೇಡಿಯೋ ಸಿಲೋನ್‌ಗೆ ತಿರುಗಿಸಿದರು. ಅಮೀನ್ ಸಯಾನಿಯವರ ಸಿನಿಮಾ ಹಾಡಿನ ಕಾರ್ಯಕ್ರಮ ಬಿನಾಕಾ ಗೀತಮಾಲಾ ಇಲ್ಲೇ ಮುಂಬಯಿಯಲ್ಲಿ ರೆಕಾರ್ಡ್ ಆಗಿ, ಟೇಪು ವಿಮಾನದಲ್ಲಿ ಕೊಲಂಬೊಗೆ ಹೋಗಿ, ಅಲ್ಲಿಂದ ಮತ್ತೆ ನಮ್ಮ ಮನೆಗಳಿಗೆ ಬರುತ್ತಿತ್ತು. ಕೊನೆಗೆ ಆಕಾಶವಾಣಿಯೇ ಸಿನಿಮಾ ಹಾಡು ಹಾಕಲು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರು ಮಾಡಬೇಕಾಯಿತು. ಜನ ಬೇಕು ಅಂದದ್ದನ್ನು ಕಿತ್ತುಕೊಂಡರೆ ಹೀಗೇ ಆಗುವುದು. ಪಾಲು ಇಡಿ ಅನ್ನುವವರು ಇದನ್ನು ನೆನಪಿಡಬೇಕು. ಹಿಂದಿ ಹಾಡು ನಿಲ್ಲಿಸಿ ಅಂತ ನಾನು ಯಾವತ್ತೂ ಹೇಳಲ್ಲ. ನಾವೂ ಅದನ್ನೇ ಕೇಳಿ ಬೆಳೆದವರು.

ಮುಂಬಯಿ ಸ್ಟೇಷನ್‌ಗಳೆಲ್ಲ ಒಂದೇ ಥರ ಹಾಡು ಹಾಕುವುದಕ್ಕೆ ಕಾರಣ ದುಡ್ಡು. ಖಾಸಗಿ ಎಫ್‌ಎಂಗಳಿಗೆ ಸರ್ಕಾರ ನಡೆಸಿದ ಮೊದಲ ಹರಾಜಿನಲ್ಲಿ ಮುಂಬಯಿಯ ಲೈಸೆನ್ಸ್ ಶುಲ್ಕ ವರ್ಷಕ್ಕೆ 9.75 ಕೋಟಿ ರೂಪಾಯಿಗೆ ಹೋಗಿತ್ತು, ವರ್ಷವರ್ಷ ಶೇಕಡಾ 15 ಏರಿಕೆ ಬೇರೆ. ಅಷ್ಟು ಕಟ್ಟಿದವರು ಹೊಸ ಪ್ರಯೋಗ ಮಾಡ್ತಾರಾ? ಎಲ್ಲರಿಗೂ ಹಿಡಿಸುವ ಹಿಂದಿ ಹಿಟ್‌ಗೇ ಬಂದು ನಿಂತರು. 2005ರ ನೀತಿಯಲ್ಲಿ ಆದಾಯದ ಶೇಕಡಾ 4 ಅಂತ ಬದಲಾಯಿತು, ಭಾರ ಇಳಿಯಿತು. ಅಭ್ಯಾಸ ಮಾತ್ರ ಇಳಿಯಲಿಲ್ಲ.

ಈಗ ದಾದರ್‌ನಲ್ಲಿ ನಡೆದ ಒಂದು ವಿಷಯ ಹೇಳುತ್ತೇನೆ. ಅವತ್ತು ವರಮಹಾಲಕ್ಷ್ಮಿ ಹಬ್ಬ. ಬೆಳಿಗ್ಗೆ ನಾಲ್ಕೂವರೆಗೆ ಅಮ್ಮನ ಜೊತೆ ದಾದರ್ ಪಶ್ಚಿಮದ ಹೂವಿನ ಮಾರ್ಕೆಟ್‌ಗೆ ಹೋಗಿದ್ದೆ. ಅಮ್ಮ ಯಾವಾಗಲೂ ತೆಗೆದುಕೊಳ್ಳುವುದು ಅಕ್ಕಲಕೋಟ ಕಡೆಯ ಒಬ್ಬ ಹೆಂಗಸಿನ ಹತ್ತಿರ, ಕನ್ನಡ ಮಾತಾಡ್ತಾರೆ ಅಂತ. ಅವರ ಬುಟ್ಟಿ ಪಕ್ಕ ಒಂದು ಸಣ್ಣ ರೇಡಿಯೋ, ಆಂಟೆನಾಗೆ ತಂತಿ ಸುತ್ತಿದ್ದರು. ಅದರಲ್ಲಿ ನಮ್ಮದೇ ಸ್ಟೇಷನ್, ನಾನು ಹಿಂದಿನ ದಿನ ಜೋಡಿಸಿದ್ದ ಮರಾಠಿ ಹಾಡು. ಅಮ್ಮ ಹಿಗ್ಗಿನಿಂದ, ಇದನ್ನು ಹಾಕಿದ್ದು ನನ್ನ ಮಗಳೇ ಅಂದರು. ಆಕೆ ದಾರ ಕಚ್ಚಿ ಹರಿಯುತ್ತಾ ಹೇಳಿದರು:

"ಹಂಗಾದ್ರ ನಿಮ್ಮ ಮಗಳಿಗೆ ಹೇಳ್ರಿ ಅಕ್ಕಾರ. ನಾವು ಕತ್ತಲದಾಗ ಹೂ ಕಟ್ಟೂವಾಗ ಅಷ್ಟ ಮರಾಠಿ ಹಾಡ ಹಚ್ತಾರ. ಬೆಳಕ ಹರದು ಸಾಹೇಬ್ರು ಬರೂ ಹೊತ್ತಿಗೆ ಬಂದ್ ಮಾಡ್ತಾರ. ಯಾಕ, ಅವ್ರ ಕಿವಿಗೆ ಚುಚ್ಚತೈತೇನು?"

ನನಗೆ ಉತ್ತರ ಹೊಳೆಯಲಿಲ್ಲ. ತಾವರೆ ಮೊಗ್ಗು ಕೈಯಲ್ಲಿ ಹಿಡಿದು ಸುಮ್ನೆ ನಿಂತಿದ್ದೆ. ನಮ್ಮ ಲೆಕ್ಕದಲ್ಲಿ ಅದು 'ಯಾರೂ ಕೇಳದ ಹೊತ್ತು'. ಅಲ್ಲಿ ನೋಡಿದರೆ ಸಾಲುಸಾಲು ಜನ, ಹೂ ಕಟ್ಟುವವರು, ಟೆಂಪೋದವರು, ಹಮಾಲರು, ಎಲ್ಲ ಕೇಳುತ್ತಿದ್ದಾರೆ. ಆಗ ಮುಂಬಯಿಯಲ್ಲಿ ಕೇಳುಗರ ಲೆಕ್ಕ ಡೈರಿಯಿಂದ ಬರುತ್ತಿತ್ತು. ಆಯ್ದ ಕೆಲವರ ಮನೆಗೆ ಪುಸ್ತಕ ಕೊಟ್ಟು, ಯಾವ ಹೊತ್ತಿಗೆ ಯಾವ ಸ್ಟೇಷನ್ ಕೇಳಿದಿರಿ ಅಂತ ಬರೆಸುವುದು. ಆ ಫುಟ್‌ಪಾತ್‌ನಲ್ಲಿ ಬುಟ್ಟಿ ಇಟ್ಟು ಕೂತವರ ಕೈಗೆ ಅಂಥ ಪುಸ್ತಕ ಬಂದದ್ದನ್ನು ನಾನು ಕಂಡಿಲ್ಲ.

ಆಫೀಸಿಗೆ ಹೋಗಿ ಪ್ರೋಗ್ರಾಮಿಂಗ್ ಹೆಡ್ ಹತ್ತಿರ ಕೇಳಿದೆ. ಬೆಳಿಗ್ಗೆ 8ರಿಂದ 11ರವರೆಗೆ ಗಂಟೆಗೆ ಒಂದೇ ಮರಾಠಿ ಹಾಡು, ಆದರೆ ಗಂಟೆಯ ಮೊದಲ 20 ನಿಮಿಷದೊಳಗೆ. ಮೂವತ್ತು ಹಾಡು ಬೇಡ, ಮೂರೇ ಹೊಸ ಹಾಡು, ಹಿಂದಿ ಹಿಟ್ ಹಾಕುವ ಹಾಗೆ ದಿನವೂ ಅವನ್ನೇ. ಹಾಡು ಹಿಡಿಸುವುದು ಮತ್ತೆ ಮತ್ತೆ ಕಿವಿಗೆ ಬಿದ್ದಾಗ. ಒಂದೇ ಸಲ ಹಾಕಿ ಜನ ಕೇಳಲಿಲ್ಲ ಅಂದರೆ ಅದು ಹಾಡಿನ ತಪ್ಪಾ? ಹಿಂದಿ ಹಾಡಿಗೆ ನಾವು ವಾರಕ್ಕೆ ಮೂವತ್ತು ನಲವತ್ತು ಅವಕಾಶ ಕೊಡ್ತೀವಿ.

ಗಣಪತಿ ಹಬ್ಬದ ವಾರ ಅಂತ ಹೇಗೋ ಒಪ್ಪಿದರು. ಮೊದಲ ಮೂರು ನಾಲ್ಕು ದಿನ, ಸ್ಟೇಷನ್ ಬದಲಾಯಿತಾ ಅಂತ ಮೆಸೇಜ್ ಬಂದವು. ಎರಡನೇ ವಾರ ಘಾಟ್‌ಕೋಪರ್‌ನಿಂದ ಒಬ್ಬ ಗುಜರಾತಿ ಹುಡುಗ ಫೋನ್ ಮಾಡಿದ. ಪದ ಗೊತ್ತಿಲ್ಲ, ರಾಗ ಮಾತ್ರ ಗುನುಗಿ, ಆ ಬೆಳಗಿನ ಹಾಡು ಮತ್ತೆ ಯಾವಾಗ ಬರುತ್ತೆ ಅಂತ ಕೇಳಿದ. ಆ ಫೋನ್ ರೆಕಾರ್ಡಿಂಗ್ ಅನ್ನು ನಾನು ತುಂಬ ದಿನ ಇಟ್ಟುಕೊಂಡಿದ್ದೆ. ಡೈರಿಯ ಅಂಕಿ ಇಳಿಯಲಿಲ್ಲ. ಏರಲೂ ಇಲ್ಲ, ಅದನ್ನೂ ಹೇಳಬೇಕು.

ಅನಂತ ಚತುರ್ದಶಿ ಮುಗಿಯಿತು. ಒಂದು ದೊಡ್ಡ ಹಿಂದಿ ಸಿನಿಮಾದ ಪ್ರಚಾರ ಬಂತು, ಆ ಮನೆಗಳು ಅದಕ್ಕೆ ಹೋದವು. ಮರಾಠಿ ಮತ್ತೆ 58ಕ್ಕೆ. ಜಗಳ ಆಡಿ ಒಂದನ್ನು ಮಾತ್ರ ಉಳಿಸಿಕೊಂಡೆ, 9 ಗಂಟೆಯ ಕ್ಲಾಕ್‌ನದ್ದು. ನಾನು ಕೆಲಸ ಬಿಡುವವರೆಗೂ ಅದು ಅಲ್ಲೇ ಇತ್ತು.

ಹಾಗಾದರೆ ಮುಂಬಯಿಯಲ್ಲಿ ಕನ್ನಡಕ್ಕೂ ಪಾಲು ಬೇಡವಾ ಅಂತ ನಮ್ಮ ಸಂಘಗಳಲ್ಲಿ ಕೇಳ್ತಾರೆ. ಇಲ್ಲಿ ಕನ್ನಡ, ತುಳು, ಗುಜರಾತಿ, ಭೋಜಪುರಿ ಎಲ್ಲ ಇವೆ. ಎಲ್ಲಕ್ಕೂ ಶೇಕಡಾ ಕಟ್ಟಲು ಆಗಲ್ಲ. ಈ ನೆಲದ ಭಾಷೆಗೆ ಮೊದಲ ಹಕ್ಕು, ಬೆಂಗಳೂರಿನಲ್ಲಿ ಕನ್ನಡಕ್ಕೆ ನಾವು ಕೇಳುವ ಹಾಗೆ. ಅಲ್ಲಿ ಒಂದು ನ್ಯಾಯ, ಇಲ್ಲಿ ಒಂದು ನ್ಯಾಯ ಆಗಬಾರದು ಅಲ್ವಾ?

ನೀವು ಯಾವುದಾದರೂ ಸ್ಟೇಷನ್‌ಗೆ ಪತ್ರ ಬರೆಯುವ ಯೋಚನೆಯಲ್ಲಿದ್ದರೆ ಒಂದು ಕೆಲಸ ಮಾಡಿ. ಒಂದು ವಾರ, ದಿನವೂ ಬೆಳಿಗ್ಗೆ 8ರಿಂದ 9ರವರೆಗೆ ಪೆನ್ಸಿಲ್ ಹಿಡಿದು ಕೂತು, ಬಂದ ಹಾಡು, ಭಾಷೆ, ನಿಮಿಷ ಬರೆದುಕೊಳ್ಳಿ. ಪತ್ರದಲ್ಲಿ ಆ ಪಟ್ಟಿ ಇಡಿ. ಅವರು ತಿಂಗಳ ಶೇಕಡಾವಾರು ತೋರಿಸಲು ಬಂದರೆ ಒಪ್ಪಬೇಡಿ. 8ರಿಂದ 11ರವರೆಗಿನ, ಅದೂ ನಿಜವಾಗಿ ಪ್ರಸಾರವಾದ ಲಾಗ್ ಕೇಳಿ.