ಓದುಗರ ಪ್ರಶ್ನೆ, ನಮ್ಮ ಉತ್ತರ: ನೈಟ್ರೋ ರೇಸಿಗೆ ಯಾವ ಎಂಜಿನ್?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ರಿಮೋಟ್ ಕಾರುಗಳ ನೈಟ್ರೋ ಎಂಜಿನ್ ಕುರಿತವು. ಅದರಲ್ಲೂ ಮಣ್ಣಿನ ಟ್ರ್ಯಾಕಿನಲ್ಲಿ ಓಡುವ 1/8 ಅಳತೆಯ, ಅಂದರೆ ನಿಜವಾದ ಗಾಡಿಯ ಎಂಟನೇ ಒಂದರಷ್ಟಿರುವ, ‘ಬಗ್ಗಿ’ ಕಾರುಗಳವು. ಬೈಕಿನ ಪೆಟ್ರೋಲ್ ಎಂಜಿನ್ ಬಿಚ್ಚಿ ಗೊತ್ತಿದ್ದವರಿಗೂ ಇಲ್ಲಿ ಕೆಲವು ಸಂಗತಿ ಹೊಸವು. ಇಂಧನ ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆಯ ಮಿಶ್ರಣ. ಕಿಡಿ ಹಾರಿಸುವ ಪ್ಲಗ್ ಇಲ್ಲ; ಪ್ಲಾಟಿನಂ ಬೆರೆತ ತಂತಿಯ ಸುರುಳಿ ಕೆಂಪಗೆ ಕಾದು ಉರಿ ಹೊತ್ತಿಸುವ ಗ್ಲೋ ಪ್ಲಗ್ ಇದೆ. ಒಮ್ಮೆ ಚಾಲೂ ಆದ ಮೇಲೆ ಬ್ಯಾಟರಿ ತೆಗೆದರೂ ಆ ಸುರುಳಿ ತಾನಾಗಿ ಕಾದೇ ಇರುತ್ತದೆ.

ಪ್ರಶ್ನೆ: 1/8 ಬಗ್ಗಿ ರೇಸಿಗೆ ಹೊಸದಾಗಿ ಇಳಿಯಬೇಕೆಂದಿದ್ದೇನೆ. .21 ಮತ್ತು .28 ಎರಡೂ ಸಿಗುತ್ತಿವೆ, ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ದೊಡ್ಡದನ್ನೇ ಕೊಳ್ಳಲೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಬೇಡ. .28 ಎಂಜಿನ್ ರೇಸಿನ ತಪಾಸಣೆಯ ಮೇಜನ್ನೇ ದಾಟುವುದಿಲ್ಲ. ಈ ಅಂಕಿಗಳು ಘನ ಇಂಚಿನ ಲೆಕ್ಕ. ಒಂದು ಘನ ಇಂಚು 16.39 ಸಿಸಿ, ಅಂದರೆ .21 ಸುಮಾರು 3.44 ಸಿಸಿ, .28 ಸುಮಾರು 4.6 ಸಿಸಿ. ರಿಮೋಟ್ ಕಾರ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆ ಇಫ್ಮಾರ್‌ನ ನಿಯಮದಲ್ಲಿ 1/8 ಬಗ್ಗಿಗೆ ಮಿತಿ 3.5 ಸಿಸಿ, ಟ್ಯಾಂಕಿಗೆ ಮಿತಿ 125 ಸಿಸಿ. .28 ಇರುವುದು ಮೈದಾನದಲ್ಲಿ ಮೋಜಿಗೆ ಓಡಿಸುವ ದೊಡ್ಡ ಟ್ರಕ್ಕುಗಳಿಗೆ.

.21ರಲ್ಲೇ ಹತ್ತಾರು ಮಾದರಿಗಳಿವೆ. ಆರಿಸುವಾಗ ಡಬ್ಬದ ಮೇಲಿನ ಎಚ್‌ಪಿ ಅಂಕಿಯನ್ನು ಕೊನೆಗೆ ನೋಡಿ. ಅದು ಎಂಜಿನ್ ಮೂವತ್ತು ಸಾವಿರ ಸುತ್ತು ದಾಟಿದ ಮೇಲೆ ಸಿಗುವ ಶಕ್ತಿ. ಜಂಪು, ತಿರುವು, ಸಡಿಲ ಮಣ್ಣಿನ ಟ್ರ್ಯಾಕಿನಲ್ಲಿ ಬಗ್ಗಿ ಅಷ್ಟು ಸುತ್ತಿನಲ್ಲಿ ಇರುವುದು ಉದ್ದನೆಯ ನೇರ ದಾರಿಯ ಒಂದೆರಡು ಸೆಕೆಂಡು ಮಾತ್ರ. ಮೊದಲು ಕೇಳಬೇಕಾದದ್ದು, ಒಂದು ಟ್ಯಾಂಕಿಗೆ ಎಷ್ಟು ನಿಮಿಷ ಓಡುತ್ತದೆ ಎಂದು. ವಿಶ್ವ ಚಾಂಪಿಯನ್‌ಶಿಪ್‌ನ ಬಗ್ಗಿ ಫೈನಲ್ ಒಂದು ಗಂಟೆಯದು. ಎಂಟು ನಿಮಿಷ ಓಡುವ ಎಂಜಿನ್ ಏಳು ಸಲ ಇಂಧನಕ್ಕೆ ಪಿಟ್‌ಗೆ ಬರಬೇಕು. ಹತ್ತು ನಿಮಿಷ ಓಡುವುದು ಐದೇ ಸಲ. ಆ ಎರಡು ನಿಲುಗಡೆಯಲ್ಲಿ ಕಳೆದುಕೊಂಡ ಸಮಯವನ್ನು ನೇರ ದಾರಿಯ ವೇಗದಿಂದ ಮರಳಿ ಗಳಿಸುವುದು ಕಷ್ಟ.

ಎರಡನೆಯದು, ಐಡ್ಲಿಂಗ್ ನಿಲ್ಲುತ್ತದೆಯೇ ಎಂಬುದು. ರೇಸಿನ ಮಧ್ಯೆ ಎಂಜಿನ್ ಆರಿದರೆ ಕಾರನ್ನು ಹೊತ್ತು ತಂದು ಮತ್ತೆ ಚಾಲೂ ಮಾಡಿ ಬಿಡುವಷ್ಟರಲ್ಲಿ ಒಂದೆರಡು ಲ್ಯಾಪ್ ಹೋಗಿರುತ್ತದೆ. ಮೂರನೆಯದು, ಬಿಡಿಭಾಗ. ಒಸಾಕಾದ ಓ.ಎಸ್. ಕಂಪನಿ 1936ರಿಂದ ಎಂಜಿನ್ ಮಾಡುತ್ತಿದೆ. ಇಟಲಿಯ ರೆಡ್ಸ್, ಪಿಕ್ಕೊ ಕೂಡ ಹೆಸರು ಮಾಡಿದವು. ಆದರೆ ನಿಮ್ಮ ಅಂಗಡಿಯವರು ಯಾವುದರ ಪಿಸ್ಟನ್–ಸ್ಲೀವ್ ಸೆಟ್ (ಸ್ಲೀವ್ ಅಂದರೆ ಪಿಸ್ಟನ್ ಓಡಾಡುವ ಕೊಳವೆ), ಕನೆಕ್ಟಿಂಗ್ ರಾಡ್, ಬೇರಿಂಗ್ ತರಿಸಿಕೊಡುತ್ತಾರೋ ಅದೇ ನಿಮಗೆ ಒಳ್ಳೆಯ ಎಂಜಿನ್.

ಕೊಳ್ಳುವ ಮುನ್ನ ಎರಡು ವಿಷಯ ಖಚಿತ ಮಾಡಿಕೊಳ್ಳಿ. ಬಗ್ಗಿಗೆ ಎಕ್ಸಾಸ್ಟ್ ಹಿಂಬದಿಯಲ್ಲಿರುವ ಎಂಜಿನ್ ಬೇಕು, ಪಕ್ಕಕ್ಕಿರುವುದಲ್ಲ. ರೇಸ್ ಎಂಜಿನ್ನಿಗೆ ಹಗ್ಗ ಎಳೆದು ಚಾಲೂ ಮಾಡುವ ವ್ಯವಸ್ಥೆ ಇರುವುದಿಲ್ಲ. ಕಾರನ್ನು ಮೇಲಿಟ್ಟು ಎಂಜಿನ್ನಿನ ಫ್ಲೈವೀಲ್ ತಿರುಗಿಸುವ ಸ್ಟಾರ್ಟರ್ ಬಾಕ್ಸ್, ಅದರ ಬ್ಯಾಟರಿ, ಹೊಗೆ ಹೊರಹೋಗುವ ಮ್ಯಾನಿಫೋಲ್ಡ್ ಮತ್ತು ಟ್ಯೂನ್ಡ್ ಪೈಪ್ ಇವಿಷ್ಟರ ಖರ್ಚನ್ನೂ ಈಗಲೇ ಕೂಡಿಸಿಕೊಳ್ಳಿ.

ಪ್ರಶ್ನೆ: 3 ಪೋರ್ಟ್, 5 ಪೋರ್ಟ್, 7 ಪೋರ್ಟ್ ಎನ್ನುತ್ತಾರೆ. ಪೋರ್ಟ್ ಹೆಚ್ಚಾದಷ್ಟೂ ಒಳ್ಳೆಯದೇ? ‘ಲಾಂಗ್ ಸ್ಟ್ರೋಕ್’ ಅಂದರೇನು?
— ಓದುಗರೊಬ್ಬರು, ಮೈಸೂರು

ಉತ್ತರ: ಪೋರ್ಟ್ ಅಂದರೆ ಸ್ಲೀವ್ ಗೋಡೆಯಲ್ಲಿ ಕೊರೆದ ಕಿಟಕಿ, ಕೆಳಗಿನ ಕ್ರ್ಯಾಂಕ್ ಕೋಣೆಯಿಂದ ಮಿಶ್ರಣ ಮೇಲೆ ಬರುವ ದಾರಿ. ಕಿಟಕಿ ಹೆಚ್ಚಾದರೆ ಮೇಲಿನ ಸುತ್ತುಗಳಲ್ಲಿ ಉಸಿರಾಟ ಸರಾಗ, ಇಂಧನವೂ ಹೆಚ್ಚು ಕುಡಿಯುತ್ತದೆ. ಡಾಂಬರು ಟ್ರ್ಯಾಕಿನ 1/8 ಕಾರಿಗೆ ಅದು ಸರಿ. ಬಗ್ಗಿಯಲ್ಲಿ 3 ಅಥವಾ 5 ಪೋರ್ಟ್ ಎಂಜಿನ್ ಕೆಳಗಿನಿಂದಲೇ ನಯವಾಗಿ ಎಳೆಯುತ್ತದೆ. ಹೊಸಬರ ಕೈಗೆ ಇದೇ ಒಗ್ಗುತ್ತದೆ. ಥ್ರಾಟಲ್ ಸ್ವಲ್ಪ ಹೆಚ್ಚು ಒತ್ತಿದರೆ ಹಿಂದಿನ ಚಕ್ರ ಜಾರಿ ಗಾಡಿ ತಿರುಗಿ ನಿಲ್ಲುವ ಕಾಟ ಕಡಿಮೆ.

ಬೋರ್ ಅಂದರೆ ಸ್ಲೀವಿನ ಒಳ ಅಗಲ, ಸ್ಟ್ರೋಕ್ ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ. ಲೆಕ್ಕ ನೀವೇ ಹಾಕಿ ನೋಡಬಹುದು. ಬೋರ್ 16.27 ಮಿ.ಮೀ., ಸ್ಟ್ರೋಕ್ 16.8 ಮಿ.ಮೀ. ಆದರೆ 3.49 ಸಿಸಿ. ಬೋರ್ 16.6, ಸ್ಟ್ರೋಕ್ 16 ಆದರೆ 3.46 ಸಿಸಿ. ಗಾತ್ರ ಹೆಚ್ಚು ಕಡಿಮೆ ಒಂದೇ, ಸ್ವಭಾವ ಬೇರೆ. ಮೊದಲನೆಯದು ಲಾಂಗ್ ಸ್ಟ್ರೋಕ್: ತಿರುವಿನಿಂದ ಹೊರಬರುವಾಗ ಎಳೆತ ಜಾಸ್ತಿ. ಎರಡನೆಯದು ಬೇಗ ಸುತ್ತು ಏರಿಸುತ್ತದೆ.

ಎಂಜಿನ್ ಬದಲಿಸದೆಯೇ ಸ್ವಭಾವ ತಗ್ಗಿಸುವ ಉಪಾಯವೂ ಇದೆ. ಕಾರ್ಬುರೇಟರ್ ಬಾಯಿಗೆ ಹಾಕುವ ಇನ್ಸರ್ಟ್ ಬಳೆ 7 ಮಿ.ಮೀ. ಇದ್ದದ್ದನ್ನು 6 ಮಾಡಿದರೆ ಪಿಕಪ್ ಮೃದುವಾಗುತ್ತದೆ, ಟ್ಯಾಂಕಿನ ನಿಮಿಷ ಹೆಚ್ಚುತ್ತದೆ. ಬದಲಿಸಿದ ಮೇಲೆ ನೀಡಲ್ (ಇಂಧನದ ಹರಿವು ಹೆಚ್ಚು ಕಡಿಮೆ ಮಾಡುವ ಸ್ಕ್ರೂ) ಮತ್ತೆ ಹೊಂದಿಸುವುದನ್ನು ಮರೆಯಬೇಡಿ.

ಪ್ರಶ್ನೆ: ಹೊಸ ಎಂಜಿನ್ ಮೇಲಕ್ಕೆ ತಿರುಗುತ್ತಲೇ ಇಲ್ಲ, ಫ್ಲೈವೀಲ್ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಕೆಟ್ಟಿದೆಯೇ? ಬ್ರೇಕ್–ಇನ್ (ಹೊಸ ಎಂಜಿನ್ ಹದಗೊಳಿಸುವುದು) ಹೇಗೆ ಮಾಡಬೇಕು?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕೆಟ್ಟಿಲ್ಲ, ಹಾಗೆ ಸಿಕ್ಕಿಕೊಳ್ಳುವುದೇ ಹೊಸ ಎಂಜಿನ್ನಿನ ಲಕ್ಷಣ. ಈ ಎಂಜಿನ್‌ಗಳಲ್ಲಿ ಪಿಸ್ಟನ್ ಅಲ್ಯೂಮಿನಿಯಂ, ಸ್ಲೀವ್ ಹಿತ್ತಾಳೆ, ಒಳಗೋಡೆಗೆ ಕ್ರೋಮ್ ಲೇಪ. ಪಿಸ್ಟನ್ನಿಗೆ ರಿಂಗ್ ಇರುವುದಿಲ್ಲ. ಸ್ಲೀವ್ ಮೇಲ್ತುದಿಯಲ್ಲಿ ಕೂದಲೆಳೆಯಷ್ಟು ಕಿರಿದು. ಬಿಸಿಯಾದಾಗ ಹಿತ್ತಾಳೆ ಹಿಗ್ಗಿ ಎರಡೂ ಸರಿಯಾಗಿ ಕೂಡುತ್ತವೆ. ಈ ಬಿಗಿಗೆ ರೇಸಿನವರು ಪಿಂಚ್ ಎನ್ನುತ್ತಾರೆ. ತಣ್ಣಗಿರುವಾಗ ಸ್ಟಾರ್ಟರ್ ಬಾಕ್ಸಿನಿಂದ ಬಲವಂತವಾಗಿ ತಿರುಗಿಸಿದರೆ ಪೆಟ್ಟು ಬೀಳುವುದು ಕನೆಕ್ಟಿಂಗ್ ರಾಡಿನ ಕೆಳಗಿನ ಬುಷ್‌ಗೆ.

ಆದ್ದರಿಂದ ಮೊದಲು ಹೀಟ್ ಗನ್‌ನಿಂದ ಹೆಡ್ಡನ್ನು (ಎಂಜಿನ್ನಿನ ಮೇಲ್ಭಾಗ) 80 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಕಾಯಿಸಿ. ಆಗ ಫ್ಲೈವೀಲ್ ಬೆರಳಿಗೇ ಹಗುರಾಗಿ ತಿರುಗುವುದು ಗೊತ್ತಾಗುತ್ತದೆ. ಹೈ ಸ್ಪೀಡ್ ನೀಡಲನ್ನು ಕಾರ್ಖಾನೆಯ ಸೆಟ್ಟಿಂಗಿಗಿಂತ ಕಾಲು ಸುತ್ತು ತೆರೆದು, ಪ್ಲಗ್ ಕಾಯಿಸಿ ಚಾಲೂ ಮಾಡಿ. ಇಲ್ಲಿ ಹಲವರು ಮಾಡುವ ತಪ್ಪು ಒಂದಿದೆ: ಹೊಸದು ಪಾಪ ಎಂದು ಇಂಧನ ಸುರಿಯುವಷ್ಟು ರಿಚ್ ಇಟ್ಟು, ತಣ್ಣಗೆ ಓಡಿಸುತ್ತಾರೆ. ಹೆಡ್ 60–70 ಡಿಗ್ರಿಯಲ್ಲೇ ಉಳಿದರೆ ಸ್ಲೀವ್ ಹಿಗ್ಗುವುದೇ ಇಲ್ಲ. ಪ್ರತಿ ಸುತ್ತಿಗೂ ಪಿಸ್ಟನ್ ಆ ಕಿರಿದಾದ ತುದಿಯನ್ನು ಉಜ್ಜುತ್ತದೆ, ಮೂರು ಟ್ಯಾಂಕ್ ಮುಗಿಯುವಷ್ಟರಲ್ಲಿ ಪಿಂಚ್ ಹೋಗಿರುತ್ತದೆ. ರಿಚ್ ಇರಲಿ, ಆದರೆ ಬಿಸಿಯಾಗಿರಲಿ. ಹೆಡ್ಡಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸುತ್ತಿ 90ರಿಂದ 100 ಡಿಗ್ರಿ ಉಳಿಸಿಕೊಳ್ಳಿ.

ಮೊದಲ ಎರಡು ಮೂರು ಟ್ಯಾಂಕ್ ಸ್ಟಾರ್ಟರ್ ಬಾಕ್ಸಿನ ಮೇಲೆ, ಆಗಾಗ ಥ್ರಾಟಲ್ ಸ್ವಲ್ಪ ಕೊಟ್ಟು ಬಿಡುತ್ತಾ ಓಡಿಸಿ. ಪ್ರತಿ ಟ್ಯಾಂಕಿನ ನಂತರ ಪೂರ್ತಿ ಆರಲು ಬಿಡಿ. ಆರುವಾಗ ಪಿಸ್ಟನ್ ತಳದಲ್ಲಿರಬೇಕು. ಮೇಲೆ ಸಿಕ್ಕಿ ನಿಂತರೆ ಕುಗ್ಗುವ ಸ್ಲೀವ್ ಪಿಸ್ಟನ್ನಿಗೆ ಅಂಟಿಕೊಂಡು ತನ್ನ ಆಕಾರ ಕಳೆದುಕೊಳ್ಳುತ್ತದೆ. ಪಿಸ್ಟನ್ ತಳದಲ್ಲಿದ್ದಾಗ ಫ್ಲೈವೀಲ್ ಮೇಲೆ ಉಗುರುಬಣ್ಣದ ಒಂದು ಚುಕ್ಕೆ ಇಟ್ಟುಕೊಂಡರೆ ಯಾವಾಗಲೂ ಅನುಕೂಲ. ಆಮೇಲೆ ನೆಲದ ಮೇಲೆ ಬಿಟ್ಟು, ಟ್ಯಾಂಕಿನಿಂದ ಟ್ಯಾಂಕಿಗೆ ನೀಡಲ್ ಸ್ವಲ್ಪ ಸ್ವಲ್ಪ ಮುಚ್ಚುತ್ತಾ ಬನ್ನಿ. ಸುಮಾರು ಎರಡು ಲೀಟರ್ ಇಂಧನ ಖರ್ಚಾಗುವವರೆಗೆ ಫುಲ್ ಥ್ರಾಟಲ್ ಹಿಡಿದುಕೊಳ್ಳಬೇಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಚೆನ್ನಾಗಿ ಹೊಂದಿಸಿದ ಎಂಜಿನ್ ಮಂಗಳೂರಿಗೆ ಒಯ್ದ ದಿನವೇ ವಿಪರೀತ ಬಿಸಿಯಾಗಿ ಪ್ಲಗ್ ಸುಟ್ಟುಕೊಂಡಿತು. ಸೆಕೆಯ ಕಾರಣವೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಸೆಕೆಗಿಂತ ಎತ್ತರ ಮುಖ್ಯ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಅಲ್ಲಿನ ಗಾಳಿ ಕರಾವಳಿಗಿಂತ ಸುಮಾರು ಶೇ 8–9ರಷ್ಟು ತೆಳು. ತೆಳು ಗಾಳಿಗೆ ಹೊಂದಿಸಿದ ಇಂಧನ ಮಂಗಳೂರಿನ ದಟ್ಟ ಗಾಳಿಗೆ ಸಾಲಲಿಲ್ಲ, ಎಂಜಿನ್ ಲೀನ್ ಆಯಿತು. ಇಂಧನದಲ್ಲೇ ಎಣ್ಣೆಯೂ ಇರುವುದರಿಂದ ಲೀನ್ ಅಂದರೆ ಎಣ್ಣೆಯೂ ಕಡಿಮೆ. ಘಟ್ಟ ಇಳಿದ ದಿನ ಹೈ ಸ್ಪೀಡ್ ನೀಡಲನ್ನು ಅರೆಕಾಲು ಸುತ್ತು ತೆರೆದು ಶುರು ಮಾಡಿ. ಬೆಂಗಳೂರಿನಲ್ಲಿ ಹೆಡ್ ಕೆಳಗಿನ 0.1 ಮಿ.ಮೀ. ಶಿಮ್ (ತೆಗೆದರೆ ಕಂಪ್ರೆಷನ್ ಹೆಚ್ಚುವ ತೆಳು ಬಳೆ) ತೆಗೆದಿದ್ದರೆ ಮರಳಿ ಹಾಕಿ.

ಹೊಂದಿಸುವ ಕ್ರಮ ಹೀಗೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಮೊದಲು ಹೈ ಸ್ಪೀಡ್ ನೀಡಲ್, ನಂತರ ಲೋ ಸ್ಪೀಡ್, ಕೊನೆಗೆ ಐಡ್ಲಿಂಗ್ ಸ್ಕ್ರೂ. ಒಂದು ಸಲಕ್ಕೆ ಗಡಿಯಾರದ ಮುಳ್ಳು ಒಂದು ಗಂಟೆ ಸರಿಯುವಷ್ಟು ಮಾತ್ರ ತಿರುಗಿಸಿ, ಎರಡು ಲ್ಯಾಪ್ ಓಡಿಸಿ ನೋಡಿ. ನೇರ ದಾರಿಯಲ್ಲಿ ಎಕ್ಸಾಸ್ಟ್‌ನಿಂದ ತೆಳುವಾದ ಹೊಗೆಯ ಗೆರೆ ಯಾವಾಗಲೂ ಕಾಣುತ್ತಿರಬೇಕು. ಲೋ ಸ್ಪೀಡ್ ಪರೀಕ್ಷಿಸಲು, ಐಡ್ಲಿಂಗ್‌ನಲ್ಲಿರುವಾಗ ಕಾರ್ಬುರೇಟರ್ ಹತ್ತಿರ ಇಂಧನದ ಟ್ಯೂಬ್ ಚಿವುಟಿ ಹಿಡಿಯಿರಿ. ಮೂರ್ನಾಲ್ಕು ಸೆಕೆಂಡು ಓಡಿ, ದನಿ ತುಸು ಏರಿ ಆರಿದರೆ ಸರಿ. ತಕ್ಷಣ ಆರಿದರೆ ಲೀನ್. ಬಹಳ ಹೊತ್ತು ಎಳೆದರೆ ರಿಚ್.

ಇನ್‌ಫ್ರಾರೆಡ್ ಥರ್ಮಾಮೀಟರನ್ನು ಹೆಡ್ಡಿನ ರೆಕ್ಕೆಗಲ್ಲ, ಪ್ಲಗ್ಗಿನ ಬುಡಕ್ಕೆ ಹಿಡಿಯಿರಿ. 100ರಿಂದ 120 ಡಿಗ್ರಿ ಸರಿಯಾದ ವ್ಯಾಪ್ತಿ. ಥರ್ಮಾಮೀಟರ್ ಇಲ್ಲದಿದ್ದರೆ ಅಲ್ಲಿ ಒಂದು ಹನಿ ನೀರು ಬಿಡಿ: ಚುರ್ರೆಂದು ಮೂರ್ನಾಲ್ಕು ಸೆಕೆಂಡಿನಲ್ಲಿ ಆರಿದರೆ ಸರಿ, ಬಿದ್ದ ಕೂಡಲೇ ಪುಟಿದು ಮಾಯವಾದರೆ ಎಂಜಿನ್ ನಿಲ್ಲಿಸಿ. ಆದರೂ ಅಂಕಿಯೊಂದನ್ನೇ ನಂಬಬೇಡಿ, ಪ್ಲಗ್ ಬಿಚ್ಚಿ ನೋಡಿ. ತಂತಿ ಹೊಸದರಂತೆ ಹೊಳೆಯುತ್ತಾ ಒದ್ದೆಯಾಗಿದ್ದರೆ ರಿಚ್. ಸುರುಳಿ ನೇರವಾಗಿದ್ದು ಬೂದುಬಣ್ಣಕ್ಕೆ ತಿರುಗಿದ್ದರೆ ಅದೇ ಬೇಕಾದದ್ದು. ಸುರುಳಿ ನಜ್ಜಿ ಒಂದು ಕಡೆಗೆ ವಾಲಿದ್ದರೆ ಲೀನ್, ಇಲ್ಲವೇ ಕಂಪ್ರೆಷನ್ ಹೆಚ್ಚು.

ಪ್ರಶ್ನೆ: ಬಳಸಿದ .21 ಎಂಜಿನ್ ಅರ್ಧ ಬೆಲೆಗೆ ಸಿಗುತ್ತಿದೆ. ಏನು ನೋಡಿ ಕೊಳ್ಳಲಿ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ‘ಎರಡೇ ಲೀಟರ್ ಓಡಿದೆ’ ಎಂಬ ಮಾತನ್ನು ಪಕ್ಕಕ್ಕಿಟ್ಟು ಎಂಜಿನ್ನನ್ನೇ ಕೇಳಿ. ತಣ್ಣಗಿರುವಾಗ ಪ್ಲಗ್ ತೆಗೆದು ಫ್ಲೈವೀಲ್ ತಿರುಗಿಸಿ. ಮೇಲ್ತುದಿಯಲ್ಲಿ ಸ್ವಲ್ಪವಾದರೂ ಬಿಗಿ ಇರಬೇಕು. ಎಣ್ಣೆ ಹಾಕಿದ ಗಿರಣಿಯಂತೆ ಸಲೀಸಾಗಿ ಸುತ್ತಿದರೆ ಪಿಸ್ಟನ್–ಸ್ಲೀವ್ ಸೆಟ್ ಮುಗಿದಿದೆ, ಅದರ ಬೆಲೆ ಕಳೆದು ಚೌಕಾಸಿ ಮಾಡಿ. ನಾಲ್ಕು ಸ್ಕ್ರೂ ಬಿಚ್ಚಿ ಹಿಂದಿನ ಪ್ಲೇಟ್ ತೆಗೆಯಿರಿ. ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಆಡಿಸಿದಾಗ ಟಿಕ್ ಎಂದು ಕೈಗೆ ತಿಳಿದರೆ ರಾಡ್ ಬದಲಿಸಬೇಕು. ರೇಸಿನವರು ಸಾಮಾನ್ಯವಾಗಿ 8–10 ಲೀಟರಿಗೊಮ್ಮೆ ಬದಲಿಸುತ್ತಾರೆ. ತುಂಡಾದ ರಾಡ್ ಹೋಗುವಾಗ ಸ್ಲೀವು, ಪಿಸ್ಟನ್, ಕೆಲವೊಮ್ಮೆ ಬ್ಲಾಕನ್ನೂ ಜೊತೆಗೆ ಒಯ್ಯುತ್ತದೆ.

ಎಕ್ಸಾಸ್ಟ್ ಕಿಟಕಿಯಿಂದ ಟಾರ್ಚ್ ಬಿಟ್ಟು ಪಿಸ್ಟನ್ನಿನ ಬದಿ ನೋಡಿ. ಕಂದು ಕಲೆ ಇದ್ದರೆ ಚಿಂತೆಯಿಲ್ಲ, ಅದು ಬೆಂದ ಎಣ್ಣೆ. ಉಗುರಿಗೆ ಸಿಗುವ ಉದ್ದುದ್ದ ಗೀರುಗಳಿದ್ದರೆ ಏರ್ ಫಿಲ್ಟರ್ ದಾಟಿ ಮಣ್ಣು ಒಳಗೆ ಹೋಗಿದೆ. ಹಾಗಾದರೆ ಆ ಎಂಜಿನ್ ಬೇಡ. ಹಿಂದಿನ ಬೇರಿಂಗಿನ ಗುಂಡುಗಳಲ್ಲಿ ಕೆಂಪು ತುಕ್ಕು ಕಂಡರೆ ಓಡಿಸಿದ ಮೇಲೆ ಎಣ್ಣೆ ಬಿಡದೆ ಇಟ್ಟಿದ್ದಾರೆ ಎಂದರ್ಥ. ಬೇರಿಂಗ್ ಬದಲಿಸಿದರೆ ಸಾಕು. ಹಲವು .21 ಎಂಜಿನ್‌ಗಳ ಮುಂದಿನ ಬೇರಿಂಗ್ 7×19×6 ಮಿ.ಮೀ.; ಬೇರಿಂಗ್ ಅಂಗಡಿಯಲ್ಲಿ 607 ಎಂದು ಕೇಳಿದರೆ ಇದೇ ಅಳತೆ ಸಿಗುತ್ತದೆ. ಆದರೆ ಆ ಸಾಮಾನ್ಯ 607 ಈ ಸುತ್ತಿನ ವೇಗಕ್ಕೆ ಮಾಡಿದ್ದಲ್ಲ, ಎಂಜಿನ್ ಕಂಪನಿಯದನ್ನೇ ಹಾಕಿ.

ಪ್ರಶ್ನೆ: ಥ್ರಾಟಲ್ ಬಿಟ್ಟ ಮೇಲೂ ಎಂಜಿನ್ ಸುತ್ತು ಇಳಿಯದೆ ಕಿರುಚುತ್ತಲೇ ಇರುತ್ತದೆ.
— ಓದುಗರೊಬ್ಬರು, ದಾವಣಗೆರೆ

ಉತ್ತರ: ಲೋ ಸ್ಪೀಡ್ ನೀಡಲ್ ಲೀನ್ ಇರಬೇಕು, ಇಲ್ಲವೇ ಎಲ್ಲೋ ಗಾಳಿ ನುಸುಳುತ್ತಿದೆ. ನೀಡಲ್ ತೆರೆದರೂ ಸರಿಹೋಗದಿದ್ದರೆ ಎಂಜಿನ್ನನ್ನು ಕಾರಿನಿಂದ ಬಿಚ್ಚಿ, ಏರ್ ಫಿಲ್ಟರ್ ತೆಗೆದು ಎಕ್ಸಾಸ್ಟ್ ಮತ್ತು ಕಾರ್ಬುರೇಟರ್ ಬಾಯಿಯನ್ನು ಬಿಗಿಯಾಗಿ ಮುಚ್ಚಿ. ಬಕೆಟ್ ನೀರಿನಲ್ಲಿ ಮುಳುಗಿಸಿ, ಶುದ್ಧ ಹೊಸ ಟ್ಯೂಬ್ ಹಾಕಿ ಇಂಧನದ ನಿಪ್ಪಲ್‌ನಿಂದ ಗಾಳಿ ಊದಿ. ಕಾರ್ಬುರೇಟರ್ ಬುಡ, ಹಿಂದಿನ ಪ್ಲೇಟ್, ಮುಂದಿನ ಬೇರಿಂಗ್, ಈ ಮೂರರಲ್ಲಿ ಒಂದು ಕಡೆ ಗುಳ್ಳೆ ಏಳುವುದು ಹೆಚ್ಚು. ಕೂಡಲೇ ಒಣಗಿಸಿ ಎಣ್ಣೆ ಬಿಡಿ. ಟ್ಯಾಂಕ್ ಮುಚ್ಚಳದ ರಬ್ಬರನ್ನೂ ನೋಡಿ.

ಪ್ರಶ್ನೆ: ಇಲ್ಲಿ ಶೇ 25ರ ನೈಟ್ರೋ ಇಂಧನ ಅಂಗಡಿಯಲ್ಲಿ ಕೊಡುತ್ತಿಲ್ಲ. ಶೇ 16ರದ್ದನ್ನು ಅದೇ ಎಂಜಿನ್ನಿಗೆ ಹಾಕಬಹುದೇ? ಊರಿಗೆ ಬರುವಾಗ ಎರಡು ಕ್ಯಾನ್ ತರಬಹುದೇ?
— ಕನ್ನಡ ಓದುಗರೊಬ್ಬರು, ಸ್ಟುಟ್‌ಗಾರ್ಟ್, ಜರ್ಮನಿ

ಉತ್ತರ: ಸ್ಫೋಟಕ ತಯಾರಿಕೆಗೆ ಬಳಕೆಯಾಗಬಹುದಾದ ರಾಸಾಯನಿಕಗಳ ಮೇಲಿನ ಯುರೋಪಿಯನ್ ಒಕ್ಕೂಟದ 2019/1148 ನಿಯಮ 2021ರ ಫೆಬ್ರುವರಿ 1ರಿಂದ ಜಾರಿಯಲ್ಲಿದೆ. ಅದರಂತೆ ಸಾರ್ವಜನಿಕರಿಗೆ ಪರವಾನಗಿ ಇಲ್ಲದೆ ಮಾರಬಹುದಾದ ನೈಟ್ರೋಮೀಥೇನ್ ಮಿತಿ ತೂಕದಲ್ಲಿ ಶೇ 16. ‘ತೂಕದಲ್ಲಿ’ ಎಂಬುದನ್ನು ಗಮನಿಸಿ. ನೈಟ್ರೋಮೀಥೇನ್ ಮೆಥನಾಲ್‌ಗಿಂತ ಭಾರ. ಹಾಗಾಗಿ ತೂಕದ ಶೇ 16 ಅಳತೆಯಲ್ಲಿ (ಗಾತ್ರದಲ್ಲಿ) ಸುಮಾರು ಶೇ 12 ಮಾತ್ರ. ಹಳೆಯ ಕ್ಯಾನ್ ಮೇಲಿನ ಶೇ 25 ಸಾಮಾನ್ಯವಾಗಿ ಅಳತೆಯ ಲೆಕ್ಕ. ಅಂದರೆ ನೈಟ್ರೋ ಅರ್ಧಕ್ಕೆ ಇಳಿದಿದೆ.

ಖಂಡಿತ ಓಡಿಸಬಹುದು. ಹೆಡ್ಡಿನಿಂದ 0.1 ಮಿ.ಮೀ. ಶಿಮ್ ಒಂದನ್ನು ತೆಗೆಯಿರಿ, ಪ್ಲಗ್ ಒಂದು ಮೆಟ್ಟಿಲು ಬಿಸಿಯದನ್ನು ಹಾಕಿ, ಓ.ಎಸ್. ಪ್ಲಗ್‌ಗಳಲ್ಲಿ ಪಿ3 ಬಿಸಿ, ಪಿ8 ತಣ್ಣನೆಯದು. ನೀಡಲ್ ಸ್ವಲ್ಪ ಮುಚ್ಚಬೇಕಾಗುತ್ತದೆ, ಏಕೆಂದರೆ ನೈಟ್ರೋ ಕಡಿಮೆಯಾದಷ್ಟೂ ಅದೇ ಗಾಳಿಗೆ ಬೇಕಾಗುವ ಇಂಧನ ಕಡಿಮೆ. ಮೇಲಿನ ಶಕ್ತಿ ತುಸು ತಗ್ಗುತ್ತದೆ, ಟ್ಯಾಂಕಿನ ನಿಮಿಷ ಹೆಚ್ಚುತ್ತದೆ. ಎಣ್ಣೆಯ ಪ್ರಮಾಣ ಎಷ್ಟೆಂದು ಕ್ಯಾನ್ ಮೇಲೆ ಓದಿ. ರೇಸ್ ಇಂಧನದಲ್ಲಿ ಶೇ 9ರಿಂದ 12 ಇರುತ್ತದೆ.

ಊರಿಗೆ ತರುವ ಯೋಚನೆ ಬಿಟ್ಟುಬಿಡಿ. ಇದು ಬೆಂಕಿ ಹತ್ತುವ ದ್ರವ. ಕೈಚೀಲದಲ್ಲೂ, ಚೆಕ್–ಇನ್ ಸಾಮಾನಿನಲ್ಲೂ ವಿಮಾನದಲ್ಲಿ ಒಯ್ಯುವಂತಿಲ್ಲ. ಮೆಥನಾಲ್ ಜ್ವಾಲೆ ಹಗಲಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ, ಅದು ಕುಡಿದರೂ ಚರ್ಮಕ್ಕೆ ಇಳಿದರೂ ವಿಷ. ಎಂಜಿನ್ ತರುವುದಿದ್ದರೂ ಇಂಧನ ಪೂರ್ತಿ ಬಸಿದು, ಒಳಗೆ ತೊಳೆದು, ವಾಸನೆ ಹೋಗುವಂತೆ ಒಣಗಿಸಿ, ಹೊರಡುವ ಮೊದಲೇ ವಿಮಾನ ಸಂಸ್ಥೆಯಿಂದ ಲಿಖಿತ ಒಪ್ಪಿಗೆ ಪಡೆದುಕೊಳ್ಳಿ.