ಎಲ್ಲರೂ ‘ಮುಗೀತಲ್ಲ’ ಅಂತಾರೆ

ಪ್ರಶ್ನೆ: ಮೇಡಂ, ನನಗೆ 52 ವರ್ಷ, ಪ್ರೈಮರಿ ಶಾಲೆ ಟೀಚರ್. ಹೋದ ವರ್ಷ ನಾಲ್ಕು ತಿಂಗಳು ಕೆಮ್ಮು ಬಿಡಲೇ ಇಲ್ಲ. ಧೂಳಿನ ಅಲರ್ಜಿ, ಏನೂ ಇಲ್ಲ ಅಂತ ಸಿರಪ್ ಕೊಡುತ್ತಾ ಹೋದರು. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಬಲಗಡೆ ಶ್ವಾಸಕೋಶದಲ್ಲಿ ಕ್ಯಾನ್ಸರ್ ಅಂತ ಗೊತ್ತಾಯಿತು. ಬೆಂಗಳೂರಿನಲ್ಲಿ ಆಪರೇಷನ್ ಮಾಡಿ ಮೇಲಿನ ಭಾಗ ತೆಗೆದರು. ಮೊದಲನೇ ಹಂತ, ಕೀಮೋ ಬೇಡ ಅಂದರು. ಈಗ ಹನ್ನೊಂದು ತಿಂಗಳಾಯಿತು. ಆರು ತಿಂಗಳ ಸ್ಕ್ಯಾನ್ ಚೆನ್ನಾಗಿ ಬಂದಿದೆ, ಮುಂದಿನ ತಿಂಗಳು ಇನ್ನೊಂದಿದೆ. ಮನೆಯಲ್ಲಿ ಎಲ್ಲರೂ ‘ಮುಗೀತಲ್ಲ, ಇನ್ಯಾಕೆ ಯೋಚನೆ’ ಅಂತಾರೆ. ನನಗೆ ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತದೆ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತೇನೆ. ಆಪರೇಷನ್ ಆದ ಕಡೆ ಚುಚ್ಚಿದರೆ ಮತ್ತೆ ಬಂತೇನೋ ಅನ್ನಿಸುತ್ತದೆ. ಮಗಳಿಗೆ ಗಂಡು ನೋಡುತ್ತಿದ್ದೇವೆ, ಅದಕ್ಕೇ ನೆಂಟರಿಗೆ ‘ಗಂಟು ಇತ್ತು, ತೆಗೆಸಿದ್ವಿ’ ಅಂತ ಮಾತ್ರ ಹೇಳಿದ್ದೇವೆ. ವಿಷಯ ಗೊತ್ತಿರುವ ಒಬ್ಬರು ‘ನಿಮ್ಮನೇಲಿ ಯಾರು ಸಿಗರೇಟ್ ಸೇದ್ತಾರೆ?’ ಅಂತ ಕೇಳಿಬಿಟ್ಟರು. ಯಾರೂ ಸೇದಲ್ಲ. ಮಂಗಳವಾರ ಭಜನೆಗೆ ಹೋಗುತ್ತಿದ್ದೆ, ಈಗ ಒಂದು ಸಾಲು ಹಾಡೋಕೂ ಉಸಿರು ಸಾಲಲ್ಲ, ಬಿಟ್ಟುಬಿಟ್ಟೆ. ಜೀವ ಉಳಿದಿದೆ, ಖುಷಿಯಾಗಿರಬೇಕು ಅಲ್ವಾ? ಯಾಕೆ ಆಗ್ತಿಲ್ಲ?
— ಹೆಸರು ಬೇಡ, ತಿಪಟೂರು

ಉತ್ತರ: ನಿಮ್ಮ ಪತ್ರದಲ್ಲಿ ‘ಏನೂ ಇಲ್ಲ’ ಅನ್ನುವ ಮಾತಿನ ಹತ್ತಿರ ನಾನು ತುಂಬ ಹೊತ್ತು ನಿಂತೆ. ನಾಲ್ಕು ತಿಂಗಳು ಏನೂ ಇಲ್ಲ ಅಂದರು, ಆದರೆ ಇತ್ತು. ಈಗ ಮತ್ತೆ ಏನೂ ಇಲ್ಲ ಅನ್ನುತ್ತಿದ್ದಾರೆ. ಒಂದು ಸಲ ಹೀಗೆ ಮೋಸ ಹೋದ ಮನಸ್ಸು ಎರಡನೇ ಸಲ ಅದೇ ಮಾತನ್ನು ಸುಲಭವಾಗಿ ನಂಬುತ್ತದಾ? ನಿಮ್ಮ ಭಯಕ್ಕೆ ಕಾರಣ ಇದೆ, ನೀವು ದುರ್ಬಲರು ಅಂತ ಅಲ್ಲ. ಒಂದು ವ್ಯತ್ಯಾಸ ಮಾತ್ರ ಗಮನಿಸಿ. ಆಗ ಒಳಗೆ ಯಾರೂ ನೋಡಿರಲಿಲ್ಲ, ಊಹೆ ಮೇಲೆ ಹೇಳಿದರು. ಈಗ ಸಿಟಿ ಸ್ಕ್ಯಾನ್ ಮಾಡಿ, ನೋಡಿ ಹೇಳುತ್ತಿದ್ದಾರೆ. ಸಾಮಾನ್ಯವಾಗಿ ಮೊದಲ ಎರಡು ಮೂರು ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಹೀಗೆ ನೋಡುತ್ತಾರೆ. ಏನೋ ಇದೆ ಅನ್ನುವ ಅನುಮಾನದಿಂದ ಕರೆಯುತ್ತಿಲ್ಲ, ಎಲ್ಲರಿಗೂ ಅದೇ ಲೆಕ್ಕ.

ಖುಷಿ ಯಾಕೆ ಆಗುತ್ತಿಲ್ಲ ಅಂತ ಕೇಳಿದ್ದೀರಿ. ಕ್ಯಾನ್ಸರ್ ವಾರ್ಡಿನಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡಿದ ವರ್ಷಗಳಲ್ಲಿ ನಾನು ಕಂಡಿದ್ದು ಇದು: ಆಪರೇಷನ್‌ಗೆ ಮುಂಚೆ ಅತ್ತವರಿಗಿಂತ ಆಮೇಲೆ, ಎಲ್ಲ ಸರಿಹೋಯಿತು ಅಂದ ಮೇಲೆ ಬಂದು ಅತ್ತವರೇ ಜಾಸ್ತಿ. ಬಯಾಪ್ಸಿ, ರಿಪೋರ್ಟು, ದುಡ್ಡು ಹೊಂದಿಸುವುದು, ಶಾಲೆಗೆ ರಜೆ, ಬೆಂಗಳೂರಿಗೆ ಓಡಾಟ. ಈ ಗಡಿಬಿಡಿಯಲ್ಲಿ ಹೆದರುವುದಕ್ಕೆ ನಿಮಗೆ ಪುರುಸೊತ್ತೇ ಇರಲಿಲ್ಲ. ಓಡಾಟ ನಿಂತಿತು, ಮನೆಯವರು ನಿಟ್ಟುಸಿರು ಬಿಟ್ಟರು, ಆಗ ನಿಮ್ಮ ಸರದಿ ಬಂತು. ಅಷ್ಟು ಹೊತ್ತಿಗೆ ಕೇಳುವವರು ಯಾರೂ ಇರಲಿಲ್ಲ. ನಿಮ್ಮ ಯಜಮಾನರು ‘ಮುಗೀತಲ್ಲ’ ಅನ್ನುವುದೂ ಭಯದಿಂದಲೇ ಇರಬಹುದು. ಹಾಗೆ ಅನ್ನದಿದ್ದರೆ ಅವರಿಗೂ ನಿದ್ದೆ ಬರಲಿಕ್ಕಿಲ್ಲ.

ಅದಕ್ಕೇ ಹೇಳುತ್ತೇನೆ, ಒಂದು ದಿನ ಊಟ ಆದ ಮೇಲೆ ಅವರನ್ನು ಕೂರಿಸಿಕೊಂಡು, ‘ನೀವು ಸಮಾಧಾನ ಹೇಳಬೇಡಿ, ಹತ್ತು ನಿಮಿಷ ಸುಮ್ನೆ ಕೇಳಿಸಿಕೊಳ್ಳಿ’ ಅಂತ ಮೊದಲೇ ಹೇಳಿ ಶುರು ಮಾಡಿ. ಗಂಡಸರಿಗೆ ಏನಾದರೂ ಪರಿಹಾರ ಕೊಡಲೇಬೇಕು ಅನ್ನುವ ಒತ್ತಡ ಇರುತ್ತದೆ. ಅದು ಬೇಡ ಅಂತ ಗೊತ್ತಾದರೆ ಎಷ್ಟೋ ಜನ ಚೆನ್ನಾಗಿ ಕೇಳುತ್ತಾರೆ. ಬಚ್ಚಲಿನ ನಲ್ಲಿ ಅಷ್ಟು ದಿನ ಕೇಳಿಸಿಕೊಂಡಿದ್ದನ್ನು ಅವರು ಒಂದು ಸಲ ಕೇಳಲಿ.

ಇನ್ನು ಆ ಚುಚ್ಚುವ ನೋವು. ಶ್ವಾಸಕೋಶದ ಆಪರೇಷನ್ ಮಾಡುವುದು ಪಕ್ಕೆಲುಬುಗಳ ನಡುವಿನಿಂದ. ಅಲ್ಲಿ ಪ್ರತಿ ಎಲುಬಿನ ಕೆಳಗೂ ಒಂದೊಂದು ನರ ಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಚುಚ್ಚುವುದು, ಉರಿ, ಜೋಮು, ಬ್ಲೌಸ್ ತಾಗಿದರೂ ಸಹಿಸಲಾಗದಂಥ ನೋವು, ಇವೆಲ್ಲ ತಿಂಗಳುಗಟ್ಟಲೆ, ಕೆಲವರಿಗೆ ವರ್ಷ ದಾಟಿಯೂ ಇರುತ್ತವೆ. ಇದು ಬಹಳ ಜನಕ್ಕೆ ಆಗುತ್ತದೆ, ಆದರೆ ಡಿಸ್ಚಾರ್ಜ್ ಆಗುವಾಗ ಯಾರೂ ಕೂತು ಹೇಳಿರುವುದಿಲ್ಲ. ನರದ ನೋವಿಗೆ ಬೇರೆಯದೇ ಮಾತ್ರೆಗಳಿವೆ, ಮಾಮೂಲಿ ನೋವಿನ ಮಾತ್ರೆಯಲ್ಲ. ಡಾಕ್ಟರ ಹತ್ತಿರ ‘ನೋವು’ ಅಂತಷ್ಟೇ ಅನ್ನಬೇಡಿ, ಉರಿಯೋ, ಜೋಮೋ, ಏನು ತಾಗಿದರೆ ಜಾಸ್ತಿ ಆಗುತ್ತದೆ ಅಂತ ಬಿಡಿಸಿ ಹೇಳಿ. ಕೆಮ್ಮಿದಾಗ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ವಾರಗಟ್ಟಲೆ ಸರಿಹೋಗದ ಗೊಗ್ಗರು ದನಿ, ದಿನೇ ದಿನೇ ಏರುವ ಏದುಸಿರು, ಬಿಡದ ತಲೆನೋವು, ಹೊಸದಾಗಿ ಶುರುವಾದ ಮೂಳೆ ನೋವು. ಇವು ಕಂಡರೆ ಮುಂದಿನ ಸ್ಕ್ಯಾನ್‌ವರೆಗೆ ಕಾಯದೆ ಡಾಕ್ಟರ ಹತ್ತಿರ ಹೋಗಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿ. ರಾತ್ರಿ ಎರಡು ಗಂಟೆಗೆ ಮನಸ್ಸು ಪ್ರಶ್ನೆ ಕೇಳಿದರೆ ಉತ್ತರ ಅಲ್ಲಿರುತ್ತದೆ.

ಸಿಗರೇಟಿನ ಪ್ರಶ್ನೆ ಓದಿ ನನಗೆ ನಿಜವಾಗಿ ಸಿಟ್ಟು ಬಂತು. ಕಾಯಿಲೆ ಬಂದವರ ಹತ್ತಿರ ತಪ್ಪೊಪ್ಪಿಗೆ ಕೇಳುವ ಈ ಅಭ್ಯಾಸ ಎಲ್ಲಿಂದ ಬಂತೋ. ನಮ್ಮ ದೇಶದಲ್ಲಿ ಈ ಕ್ಯಾನ್ಸರ್ ಬಂದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಒಂದು ದಿನವೂ ಸೇದದವರು ಬಹಳ ಜನ ಇದ್ದಾರೆ. ಹೊರಗಿನ ಗಾಳಿಯ ಮಾಲಿನ್ಯವೇ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2013ರಲ್ಲೇ ಹೇಳಿದೆ. ಬೇರೆಯವರು ಸೇದಿದ ಹೊಗೆ, ಒಲೆಯ ಹೊಗೆ ಇವೂ ಇವೆ. ಎಷ್ಟೋ ಸಲ ಕಾರಣ ಗೊತ್ತೇ ಆಗುವುದಿಲ್ಲ. ಇನ್ನೊಮ್ಮೆ ಯಾರಾದರೂ ಕೇಳಿದರೆ ‘ಸೇದದವರಿಗೂ ಬರುತ್ತೆ’ ಅಂತಷ್ಟೇ ಹೇಳಿ. ಅದಕ್ಕಿಂತ ಹೆಚ್ಚಿನ ಲೆಕ್ಕ ಅವರಿಗೆ ಒಪ್ಪಿಸಬೇಕಾಗಿಲ್ಲ.

ಮಗಳ ವಿಷಯ ಸೂಕ್ಷ್ಮ. ಊರಿಗೆಲ್ಲ ಹೇಳಿ ಅನ್ನುವುದಿಲ್ಲ, ಅದು ನಿಮ್ಮಿಷ್ಟ. ಆದರೆ ಈ ಗುಟ್ಟು ಕಾಪಾಡುವ ಕೆಲಸವೇ ನಿಮ್ಮನ್ನು ಅರ್ಧ ಸುಸ್ತು ಮಾಡುತ್ತಿದೆ ಅಂತ ನನಗೆ ಅನ್ನಿಸುತ್ತದೆ. ಅಕ್ಕನೋ, ಶಾಲೆಯ ಗೆಳತಿಯೋ, ಒಬ್ಬರಿಗಾದರೂ ‘ಕ್ಯಾನ್ಸರ್’ ಅನ್ನುವ ಪದವನ್ನೇ ಬಳಸಿ ಹೇಳಿ. ಇದು ಅಂಟುವ ಕಾಯಿಲೆಯಲ್ಲ, ಬಹುಪಾಲು ಅಮ್ಮನಿಂದ ಮಗಳಿಗೆ ಬರುವಂಥದ್ದೂ ಅಲ್ಲ. ಮಾತುಕತೆ ಮುಂದುವರಿದರೆ ಗಂಡಿನ ಮನೆಯವರಿಗೆ ಮದುವೆಗೆ ಮುಂಚೆಯೇ ಹೇಳುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮೊದಲು ಮಗಳನ್ನು ಕೇಳಿ. ಅಮ್ಮ ತನ್ನಿಂದಾಗಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಾಳೆ ಅಂತ ಅವಳಿಗೆ ಗೊತ್ತಾ?

ಭಜನೆ ಬಿಟ್ಟಿದ್ದು ನನಗೆ ತುಂಬ ಬೇಜಾರಾಯಿತು. ಶ್ವಾಸಕೋಶದಲ್ಲಿ ಬಲಗಡೆ ಮೂರು ಭಾಗ, ಎಡಗಡೆ ಎರಡು, ಒಟ್ಟು ಐದರಲ್ಲಿ ಒಂದು ಹೋಗಿದೆ. ಉಳಿದದ್ದು ಹಿಗ್ಗಿ ಆ ಜಾಗವನ್ನು ತುಂಬಿಕೊಳ್ಳುತ್ತದೆ. ಆದರೂ ಮುಂಚಿನ ಉಸಿರು ಮುಂಚಿನದೇ, ಅದು ಹೋಗಿದ್ದಕ್ಕೆ ದುಃಖಪಡುವುದು ಕೃತಘ್ನತೆಯಲ್ಲ. ಆಸ್ಪತ್ರೆಯಲ್ಲಿ ಕೊಟ್ಟ ಮೂರು ಚೆಂಡಿನ ಸ್ಪೈರೋಮೀಟರ್, ಉಸಿರು ಎಳೆದು ಚೆಂಡು ಎಬ್ಬಿಸುವ ಸಾಧನ, ಮನೆಯಲ್ಲೇ ಎಲ್ಲೋ ಇರಬೇಕಲ್ವಾ? ನನಗೆ ಗೊತ್ತಿದ್ದ ಒಬ್ಬ ಹೆಂಗಸು ಅದನ್ನು ದೇವರ ಮನೆಯ ಹೊಸ್ತಿಲ ಪಕ್ಕ ಇಟ್ಟುಕೊಂಡಿದ್ದರು. ದೀಪ ಹಚ್ಚಿದ ಮೇಲೆ ಎಳೆಯುವುದು, ಎರಡನೇ ಚೆಂಡು ಎದ್ದರೆ ಸಾಕು, ಮೂರನೆಯದು ಎದ್ದ ದಿನ ಮೊಮ್ಮಗನನ್ನು ಕೂಗಿ ತೋರಿಸುವುದು. ನಿಮ್ಮ ಡಾಕ್ಟರನ್ನೋ ಫಿಸಿಯೋಥೆರಪಿಸ್ಟನ್ನೋ ಕೇಳಿಕೊಂಡು ಮತ್ತೆ ಶುರು ಮಾಡಿ. ಮೆಟ್ಟಿಲಲ್ಲಿ ಏದುಸಿರು ಬಂದರೆ ಮೂಗಿನಲ್ಲಿ ಎಳೆದು, ಬಿಸಿ ಕಾಫಿ ಊದುವ ಹಾಗೆ ತುಟಿ ಕಿರಿದು ಮಾಡಿ ನಿಧಾನವಾಗಿ ಬಿಡಿ, ಎಳೆದದ್ದರ ಎರಡರಷ್ಟು ಹೊತ್ತು. ಗಾಬರಿಯಾದರೆ ಉಸಿರು ಕಟ್ಟುತ್ತದೆ, ಉಸಿರು ಕಟ್ಟಿದರೆ ಇನ್ನೂ ಗಾಬರಿ. ಆ ಸುತ್ತನ್ನು ಇದು ಮುರಿಯುತ್ತದೆ.

ಮಂಗಳವಾರ ಹೋಗಿ ತಾಳ ಹಿಡಿದು ಕೂರಿ. ಸಾಲಿನ ಮಧ್ಯೆ ಉಸಿರು ತೆಗೆದುಕೊಳ್ಳಿ, ಪಲ್ಲವಿ ಬಂದಾಗ ಮಾತ್ರ ಸೇರಿಕೊಳ್ಳಿ. ಬ್ರಿಟನ್ನಿನಲ್ಲಿ ಶ್ವಾಸಕೋಶದ ಕಾಯಿಲೆ ಇರುವವರಿಗೆಂದೇ ಹಾಡುವ ಗುಂಪುಗಳಿವೆ, ನಿಮಗೆ ಆ ಗುಂಪು ಮನೆ ಹತ್ತಿರವೇ ಇದೆ.

ಸ್ಕ್ಯಾನ್‌ಗೆ ಒಬ್ಬರೇ ಹೋಗಬೇಡಿ. ರಿಪೋರ್ಟ್ ಕೈಗೆ ಬಂದ ಕೂಡಲೇ ಮೊಬೈಲಿನಲ್ಲಿ ಪದಗಳ ಅರ್ಥ ಹುಡುಕುತ್ತಾ ಕೂರಬೇಡಿ, ಡಾಕ್ಟರ ಬಾಯಲ್ಲೇ ಕೇಳಿ. ಸಾಧ್ಯವಾದರೆ ಸ್ಕ್ಯಾನ್ ಮತ್ತು ಡಾಕ್ಟರ ಭೇಟಿ ಹತ್ತಿರ ಹತ್ತಿರ ಬರುವಂತೆ ಕೇಳಿಕೊಳ್ಳಿ, ಕಾಯುವ ದಿನಗಳೇ ಜಾಸ್ತಿ ಕಾಡುವುದು. ಎರಡು ವಾರ ಬಿಡದೆ ಮನಸ್ಸು ಕುಗ್ಗಿದ್ದರೆ, ಮುಂಚೆ ಇಷ್ಟವಿದ್ದದ್ದೂ ಬೇಡ ಅನ್ನಿಸಿದರೆ, ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಸಾಯಬೇಕು ಅನ್ನಿಸಿದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಉಚಿತ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎರಡು ಗಂಟೆಗೂ.

ಪ್ರಶ್ನೆ: ಅಪ್ಪನಿಗೆ 63. ಮೂವತ್ತು ವರ್ಷ ಬೀಡಿ ಸೇದಿದವರು. ಶ್ವಾಸಕೋಶದ ಆಪರೇಷನ್ ಆಗಿ ಐದು ತಿಂಗಳು. ಯಾರ ಜೊತೆಯೂ ಮಾತಿಲ್ಲ, ಬರೀ ಸಿಟ್ಟು. ಮೊನ್ನೆ ಕೊಟ್ಟಿಗೆ ಹಿಂದೆ ಬೀಡಿ ತುಂಡು ಸಿಕ್ಕಿತು. ಅಮ್ಮ ಕೂಗಾಡಿದರು. ನಾನೇನು ಮಾಡಲಿ?
— ಮಗ, ಹಾವೇರಿ ಜಿಲ್ಲೆ

ಉತ್ತರ: ಅಮ್ಮನ ಸಂಕಟ ಅರ್ಥವಾಗುತ್ತದೆ, ಆದರೆ ಕೂಗಾಟದಿಂದ ಬೀಡಿ ಬಿಟ್ಟವರನ್ನು ನಾನು ನೋಡಿಲ್ಲ. ‘ನಾನೇ ತಂದುಕೊಂಡೆ’ ಅನ್ನುವುದು ನಿಮ್ಮ ಅಪ್ಪನ ಎದೆಯಲ್ಲಿ ದಿನವೂ ಕುಟ್ಟುತ್ತಿರಬಹುದು, ಅದನ್ನು ಹೇಳಲು ಆಗದೆ ಸಿಟ್ಟಾಗಿ ಹೊರಗೆ ಬರುತ್ತಿರಬಹುದು. ‘ಹೇಗೂ ಆಗಿದ್ದು ಆಯ್ತು, ಇನ್ನು ಬಿಟ್ಟು ಏನು’ ಅನ್ನುವ ಯೋಚನೆಯೂ ಇರಬಹುದು. ಅದು ತಪ್ಪು, ಆಪರೇಷನ್ ಆದ ಮೇಲೆ ಬಿಟ್ಟರೂ ಲಾಭ ಇದೆ, ಉಸಿರಾಟಕ್ಕೂ, ಹೃದಯಕ್ಕೂ, ಕ್ಯಾನ್ಸರ್ ಮರಳಿ ಬರದಿರುವುದಕ್ಕೂ. ಇದನ್ನು ನೀವು ಹೇಳಿದರೆ ಬೈದ ಹಾಗೆ ಕೇಳಿಸುತ್ತದೆ, ಡಾಕ್ಟರ ಬಾಯಿಂದ ಹೇಳಿಸಿ. ತಂಬಾಕು ಬಿಡಿಸುವ ಸರ್ಕಾರದ ಸಹಾಯವಾಣಿ 1800-11-2356, ಬೀಡಿ ಸಿಗರೇಟ್ ಪ್ಯಾಕಿನ ಮೇಲೇ ಇರುವ ನಂಬರು. ಚಟ ಬಿಡಲು ನಿಕೋಟಿನ್ ಗಮ್‌ನಂಥ ಔಷಧಿಗಳೂ ಇವೆ, ಅವರಿಗೆ ಯಾವುದು ಸರಿ ಅಂತ ಡಾಕ್ಟರನ್ನು ಕೇಳಿ.

ಆ ತುಂಡಿನ ಮಾತು ಮತ್ತೆ ಎತ್ತಬೇಡಿ. ಸಂಜೆ ಹೊಲದ ಕಡೆ ಅವರ ಜೊತೆ ನಡೆದುಕೊಂಡು ಹೋಗಿ, ಅವರ ಉಸಿರಿನ ಲೆಕ್ಕಕ್ಕೆ ಹೆಜ್ಜೆ ಹಾಕಿ, ಅವರು ನಿಂತಲ್ಲಿ ನೀವೂ ನಿಲ್ಲಿ. ಮೊದಲ ವಾರ ಬರೀ ಬೆಳೆ, ಮಳೆ ಮಾತೇ ಆಗಲಿ. ಒಂದು ದಿನ ‘ನನಗೂ ಭಯ ಆಗಿತ್ತಪ್ಪಾ’ ಅಂತ ನೀವೇ ಮೊದಲು ಹೇಳಿ. ನಂಬರನ್ನು ಅವರ ಮೊಬೈಲಿನಲ್ಲಿ ಸೇವ್ ಮಾಡಿಕೊಡಿ. ಅವರು ಫೋನ್ ಹಚ್ಚಿದರೆ ನೀವು ಎದ್ದು ಹೊರಗೆ ಹೋಗಿ, ಅಮ್ಮನನ್ನೂ ಕರೆದುಕೊಂಡು.